ಗೂನುಬೆನ್ನಿನ ಕೋವಿ ಮತ್ತು ಒಂದು ಕಂಚಿನ ಉಂಗುರ

ಹೆಡ್‌ಫೋನ್ ಹಾಕ್ಕೊಂಡಿದ್ದೀರಾ? ಮೊದಲು ಒಂದು ಶಬ್ದ ಕೇಳಿ.

[ಲೋಹದ ಶಬ್ದ: ಠಣ್... ಠಕ್]

ಎರಡು ಶಬ್ದ ಇತ್ತು, ಗಮನಿಸಿದ್ರಾ? ಮೊದಲು ಒಂದು ಭಾರವಾದ ಠಣ್, ಒಂದು ಕ್ಷಣ ಬಿಟ್ಟು ಠಕ್. ಈ ಎರಡು ಶಬ್ದಗಳ ಮಧ್ಯೆ ಏನಾಗುತ್ತೆ ಅನ್ನೋದೇ ಇವತ್ತಿನ ಎಪಿಸೋಡು. ಇದು ಒಂದು ಹಳೇ ಕೋವಿಯ ಶಬ್ದ. ಬ್ರೌನಿಂಗ್ ಆಟೋ-5 ಅಂತ ಅದರ ಹೆಸರು. ಕೈಯಲ್ಲಿ ಪಂಪ್ ಎಳೆಯೋದು ಬೇಡ, ನಳಿಕೆ ಮಡಚೋದು ಬೇಡ. ಒಂದು ಈಡು ಹೊಡೆದ ಮೇಲೆ ತಾನೇ ಖಾಲಿ ತೋಟಾ ಆಚೆ ಎಸೆದು ಹೊಸ ತೋಟಾ ತುಂಬಿಕೊಳ್ಳುವ, ಜಗತ್ತಿನಲ್ಲಿ ಯಶಸ್ಸು ಕಂಡ ಮೊದಲ ಷಾಟ್‌ಗನ್ನು. ಕುದುರೆ ಮಾತ್ರ ಪ್ರತಿ ಸಲ ಎಳೀಬೇಕು. ಅದಕ್ಕೇ ಸೆಮಿ-ಆಟೋಮ್ಯಾಟಿಕ್ ಅನ್ನೋದು.

ಮೊದಲೇ ಹೇಳಿಬಿಡ್ತೀನಿ, ನಾನು ಕೋವಿ ಹಿಡಿದು ಬೆಳೆದವನಲ್ಲ. ಹಾಸನದ ಪೇಟೆ ಹುಡುಗ. ಕೋವಿ, ಈಡು, ಚರೆ ಅನ್ನೋ ಪದಗಳೆಲ್ಲ ನನಗೆ ಸಿಕ್ಕಿದ್ದು ತೇಜಸ್ವಿ ಪುಸ್ತಕಗಳಿಂದ. ಕೊಡಗಿನ ಗೆಳೆಯನ ಮನೇಲಿ ಕೈಲ್‌ಪೊಳ್ದ್ ಹಬ್ಬದ ದಿನ ದೇವರ ಕೋಣೆಯಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿದ್ದನ್ನ ನೋಡಿದ್ದೆ, ಅಷ್ಟೆ. ಆದ್ರೆ ಹೋದ ವರ್ಷ ಅಕ್ಕನ ಮನೆಗೆ ಅಮೆರಿಕದ ಯೂಟಾಕ್ಕೆ ಹೋದಾಗ ಅವಳ ಪಕ್ಕದ ಮನೆಯ ಗ್ಯಾರೇಜಿನಲ್ಲಿ ಮೂರು ಸಂಜೆ ಕಳೆದೆ. ಆಗ ಈ ಕಥೆ ತಲೆಗೆ ಹತ್ತಿತು.

ಪಕ್ಕದ ಮನೆಯವರಿಗೆ ಎಪ್ಪತ್ತೆಂಟು ವರ್ಷ. ಹೆಸರು ಬೇಡ, ಅಜ್ಜ ಅಂತಲೇ ಕರೀತೀನಿ. ಕೈಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡು ಶುಂಠಿ ಥರ ಆಗಿಹೋಗಿವೆ. ಸಣ್ಣ ಸ್ಕ್ರೂ ಹಿಡಿಯೋಕೆ ಆಗಲ್ಲ. ಹಾಗಾಗಿ ನನ್ನನ್ನ ಕರೆದರು. ಟೇಬಲ್ ಮೇಲೆ ಹಳೇ ಟವೆಲ್ ಹಾಸಿ ಅದರ ಮೇಲೆ ಕೋವಿ ಮಲಗಿಸಿದ್ದರು. ಅವರ ಅಪ್ಪ 1950ರ ದಶಕದಲ್ಲಿ ಕೊಂಡದ್ದು. ಬೆಲ್ಜಿಯಂನಲ್ಲಿ ತಯಾರಾದದ್ದು ಅಂತ ನಳಿಕೆ ಮೇಲೆ ಕೆತ್ತಿದೆ. ನೋಡೋಕೆ ವಿಚಿತ್ರ. ಸಾಮಾನ್ಯವಾಗಿ ಕೋವಿಯ ಹಿಂಭಾಗ ಇಳಿಜಾರಾಗಿ ಹಿಡಿಗೆ ಸೇರುತ್ತಲ್ವಾ, ಇದರಲ್ಲಿ ಚೌಕವಾಗಿ ಎದ್ದು ನಿಂತು ಥಟ್ಟನೆ ಕೆಳಗೆ ಬೀಳುತ್ತೆ. ಗೂನುಬೆನ್ನು! ಅಮೆರಿಕದವರು ಇದನ್ನ ಪ್ರೀತಿಯಿಂದ ಕರೆಯೋದೂ ಅದೇ, ಹಂಪ್‌ಬ್ಯಾಕ್ ಅಂತ.

ತೊಂದರೆ ಏನು ಅಂದ್ರೆ, ಮೊದಲನೇ ಈಡು ಸರಿಯಾಗಿ ಹೋಗುತ್ತೆ, ಎರಡನೆಯದು ಬರಲ್ಲ. ಖಾಲಿ ತೋಟಾ ಒಳಗೇ ಉಳಿಯುತ್ತೆ, ಇಲ್ಲಾ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೆ. ಜೊತೆಗೆ ನಳಿಕೆ ಕೆಳಗಿನ ಮರದ ಹಿಡಿಯಲ್ಲಿ ಕೂದಲೆಳೆಯಂಥ ಒಂದು ಬಿರುಕು. ಅಜ್ಜನಿಗೆ ಇದು ಬೇಗ ಸರಿಯಾಗಬೇಕಿತ್ತು. ಮೊಮ್ಮಗಳಿಗೆ ಹದಿನಾರು ವರ್ಷ, ಗಾಳಿಯಲ್ಲಿ ಹಾರಿಸೋ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡೋ ಆಟ ಕಲೀತಿದ್ದಾಳೆ. ಮುತ್ತಾತನ ಕೋವಿಯಲ್ಲಿ ಒಂದು ಸಲ ಆಡ್ತೀನಿ ಅಂದಿದ್ದಾಳೆ. ಹಕ್ಕಿಗೆ ಮಾತ್ರ ಹೊಡೆಯಲ್ಲ ಅಂತ ಷರತ್ತು. ಅಜ್ಜನ ಮಗನಿಗೆ ಈ ಕೋವಿ ಇಷ್ಟವೇ ಇಲ್ಲ, ಮಾರಿಬಿಡಿ ಅಂತಾನೆ. ಅಂದ್ರೆ ಆ ಹುಡುಗಿ ಕೈಯಲ್ಲಿ ಇದು ಓಡಿದ್ರೆ ಮನೇಲಿ ಉಳಿಯುತ್ತೆ, ಇಲ್ಲಾಂದ್ರೆ ಹೊರಗೆ.

ಮೊದಲ ಕೆಲಸ ಖಾಲಿ ಇದೆಯಾ ಅಂತ ನೋಡೋದು. ಅಜ್ಜ ಮೂರು ಸಲ ನೋಡಿದರು. ಕಣ್ಣಲ್ಲಿ ಒಂದು ಸಲ, ಕಿರುಬೆರಳು ಒಳಗೆ ತೂರಿಸಿ ಒಂದು ಸಲ, ಆಮೇಲೆ ನನ್ನ ಕೈಲೂ ನೋಡಿಸಿದರು. ಮನೆಯಲ್ಲಿದ್ದ ತೋಟಾಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿದ ಮೇಲೇ ಸ್ಕ್ರೂಡ್ರೈವರ್ ಮುಟ್ಟಿದ್ದು.

ಈಗ ಆ ಎರಡು ಶಬ್ದದ ವಿಷಯ. ಕುದುರೆ ಎಳೆದಾಗ ಈ ಕೋವಿಯ ನಳಿಕೆಯೇ ಹಿಂದಕ್ಕೆ ಓಡುತ್ತೆ! ಹೌದು, ಪೂರ್ತಿ ನಳಿಕೆ. ನಳಿಕೆ, ಅದರ ಬಾಯಿ ಮುಚ್ಚಿರೋ ಬೋಲ್ಟು, ಎರಡೂ ಒಂದಕ್ಕೊಂದು ಬೀಗ ಹಾಕಿಕೊಂಡೇ ಒಂದು ತೋಟಾದ ಉದ್ದಕ್ಕಿಂತ ಜಾಸ್ತಿ ದೂರ ಹಿಂದೆ ಸರೀತವೆ. ಅದು ಆ ಠಣ್. ಅಲ್ಲಿ ಬೋಲ್ಟನ್ನ ಒಂದು ಕೊಂಡಿ ಹಿಡ್ಕೊಳ್ಳುತ್ತೆ, ನಳಿಕೆ ಮಾತ್ರ ಬಿಡಿಸಿಕೊಂಡು ಮುಂದೆ ಹೋಗುತ್ತೆ. ಖಾಲಿ ತೋಟಾ ಬೋಲ್ಟಿನ ಉಗುರಿನಲ್ಲೇ ಉಳಿದು ಆಚೆ ಚಿಮ್ಮುತ್ತೆ. ಆಮೇಲೆ ಕೆಳಗಿಂದ ಹೊಸ ತೋಟಾ ಮೇಲೆದ್ದು ಬರುತ್ತೆ, ಬೋಲ್ಟು ಬಿಡುಗಡೆಯಾಗಿ ಅದನ್ನ ನಳಿಕೆಗೆ ತಳ್ಳಿ ಬಾಗಿಲು ಹಾಕುತ್ತೆ. ಅದು ಠಕ್. ಇಷ್ಟೆಲ್ಲ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ. ಇದಕ್ಕೆ ಲಾಂಗ್ ರೀಕಾಯಿಲ್ ಅಂತಾರೆ.

ಇಷ್ಟು ಸುತ್ತು ಬಳಸಿ ಯಾಕೆ ಮಾಡ್ಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸ್ತು. ಅದಕ್ಕೆ 1890ರ ದಶಕದ ತೋಟಾ ನೋಡ್ಬೇಕು. ಆಗಿನ ತೋಟಾ ಕಾಗದದ್ದು. ಮಳೆ ಬಂದ್ರೆ ಹಪ್ಪಳದ ಥರ ಉಬ್ಬುತ್ತೆ. ಕಪ್ಪು ಮದ್ದಿನ ಕಾಲ ಮುಗೀತಾ ಬಂದು ಹೊಗೆರಹಿತ ಮದ್ದು ಆಗತಾನೇ ಬಂದಿತ್ತು. ಒಂದೊಂದು ಕಂಪನಿಯದು ಒಂದೊಂದು ಶಕ್ತಿ. ರೈಫಲ್ಲಿಗಾದ್ರೆ ಒಂದೇ ಅಳತೆಯ ಗುಂಡು. ಷಾಟ್‌ಗನ್ನಿಗೆ ಹಾಗಲ್ಲ, ಸಣ್ಣ ಹಕ್ಕಿಗೆ ಹಗುರ ಚರೆ, ಬಾತುಕೋಳಿಗೆ ಭಾರದ ಚರೆ. ಹಗುರ ತೋಟಾದಲ್ಲೂ ಓಡಬೇಕು, ಭಾರದ ತೋಟಾಕ್ಕೆ ಒಡೆದುಹೋಗಬಾರದು. ಸ್ವಯಂಚಾಲಿತ ಷಾಟ್‌ಗನ್ ಮಾಡೋದು ಕಷ್ಟವಾಗಿದ್ದೇ ಈ ಕಾರಣಕ್ಕೆ. ಈ ಗಂಟನ್ನ ಬಿಡಿಸಿದವನು ಅಜ್ಜನ ಮನೆಯಿಂದ ಅರ್ಧ ಗಂಟೆ ದೂರದ ಆಗ್ಡೆನ್ ಊರಿನವನು. ಜಾನ್ ಮೋಸಸ್ ಬ್ರೌನಿಂಗ್.

ಬ್ರೌನಿಂಗ್ ಹುಟ್ಟಿದ್ದು 1855ರಲ್ಲಿ. ಅಪ್ಪ ಜೊನಾಥನ್ ಕೋವಿ ರಿಪೇರಿಯವನು, ಮಾರ್ಮನ್ ಪಂಥದವನು. ಆ ಪಂಥದವರನ್ನ ಊರೂರಿಂದ ಓಡಿಸಿದಾಗ ಪಶ್ಚಿಮಕ್ಕೆ ನಡೆದು 1852ರಲ್ಲಿ ಆಗ್ಡೆನ್‌ನಲ್ಲಿ ಅಂಗಡಿ ಹಾಕಿದ. ಮಗ ಆ ಅಂಗಡಿಯ ಗುಜರಿ ರಾಶಿಯಲ್ಲೇ ಆಡಿ ಬೆಳೆದ. 1879ರಲ್ಲಿ ಒಂದು ಸಿಂಗಲ್ ಷಾಟ್ ರೈಫಲ್‌ಗೆ ಪೇಟೆಂಟ್ ತಗೊಂಡ. 1883ರಲ್ಲಿ ವಿಂಚೆಸ್ಟರ್ ಕಂಪನಿ ಅದರ ಹಕ್ಕನ್ನ 8,000 ಡಾಲರ್‌ಗೆ ಕೊಂಡುಕೊಂಡಿತು. ಅಲ್ಲಿಂದ ಮುಂದೆ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಅದೇ ವ್ಯವಹಾರ. ಇವನು ವಿನ್ಯಾಸ ಮಾಡೋದು, ಅವರು ಇಡುಗಂಟು ಕೊಟ್ಟು ಕೊಳ್ಳೋದು. 1886, 1892, 1894ರ ರೈಫಲ್‌ಗಳು, 1897ರ ಪಂಪ್ ಷಾಟ್‌ಗನ್, ಎಲ್ಲ ಇವನದೇ ತಲೆ, ಎಲ್ಲದರ ಮೇಲೂ ವಿಂಚೆಸ್ಟರ್ ಹೆಸರು. ಇನ್ನೂ ತಮಾಷೆ ಅಂದ್ರೆ ಕೊಂಡ ಎಷ್ಟೋ ವಿನ್ಯಾಸಗಳನ್ನ ವಿಂಚೆಸ್ಟರ್ ತಯಾರಿಸಲೇ ಇಲ್ಲ. ಬೇರೆ ಕಂಪನಿ ಕೈಗೆ ಸಿಗಬಾರದು ಅಂತ ಕೊಂಡು ಬೀರುವಿನಲ್ಲಿಟ್ಟಿತು.

1898ರಲ್ಲಿ ಬ್ರೌನಿಂಗ್ ಈ ಷಾಟ್‌ಗನ್ ಮಾಡಿದ. 1900ರಲ್ಲಿ ಪೇಟೆಂಟ್ ಬಂತು. ಈ ಸಲ ಅವನಿಗೆ ಕೈಲಿರೋದು ಏನು ಅಂತ ಗೊತ್ತಿತ್ತು. ಇಡುಗಂಟು ಬೇಡ, ಮಾರಾಟವಾಗೋ ಒಂದೊಂದು ಕೋವಿಗೂ ರಾಯಲ್ಟಿ ಕೊಡಿ ಅಂದ. ವಿಂಚೆಸ್ಟರ್ ಮುಖ್ಯಸ್ಥ ಟಿ. ಜಿ. ಬೆನೆಟ್‌ಗೆ ಇದು ಒಗ್ಗಲಿಲ್ಲ. ರಾಯಲ್ಟಿ ಕೊಡೋದು ಅವರ ಪದ್ಧತಿಯಲ್ಲೇ ಇರಲಿಲ್ಲ. ಜೊತೆಗೆ ಈ ಕೋವಿ ಬಂದ್ರೆ ತಮ್ಮದೇ ಪಂಪ್ ಕೋವಿಗಳ ಮಾರಾಟ ಬೀಳುತ್ತೆ ಅನ್ನೋ ಭಯ. ಇವತ್ತು ಮಾಡ್ತೀವಿ, ನಾಳೆ ಮಾಡ್ತೀವಿ ಅಂತ ಎಳೆದರು. ಕೊನೆಗೆ ಬ್ರೌನಿಂಗ್ ಮಾದರಿ ಕೋವಿ ಎತ್ತಿಕೊಂಡು ಎದ್ದು ಬಂದ. ನಿಮ್ಮಲ್ಲಿ ಎಷ್ಟೋ ಜನ ಡಿಸೈನು, ಕೋಡು, ಮ್ಯೂಸಿಕ್ಕು ಅಂತ ಕೆಲಸ ಮಾಡೋರಿದ್ದೀರಿ. ಒಂದೇ ಸಲ ದುಡ್ಡು ಕೊಟ್ಟು ಎಲ್ಲ ಹಕ್ಕೂ ಬರೆಸ್ಕೊಳ್ಳೋ ಕಾಗದಕ್ಕೆ ಸಹಿ ಹಾಕಿರ್ತೀರಿ. ಆ ಸಿಟ್ಟು ನಿಮಗೆ ಅರ್ಥವಾಗುತ್ತೆ.

ಮುಂದಿನ ಬಾಗಿಲು ರೆಮಿಂಗ್ಟನ್. 1902ರ ಜನವರಿ 8ರಂದು ಅದರ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಜೊತೆ ಭೇಟಿ ನಿಗದಿಯಾಗಿತ್ತು. ಬ್ರೌನಿಂಗ್ ಹೋಗಿ ಹೊರಗಿನ ಕೋಣೆಯಲ್ಲಿ ಕಾಯ್ತಾ ಕೂತಿದ್ದಾನೆ. ಒಳಗೆ ಹಾರ್ಟ್ಲಿ ಹೃದಯಾಘಾತದಿಂದ ತೀರಿಹೋದರು. ಸಿನಿಮಾದಲ್ಲಿ ಹೀಗೆ ಬರೆದ್ರೆ ನಾವು ನಂಬಲ್ಲ.

ಅವನು ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಲಿಯೆಜ್ ಪಕ್ಕದ ಹರ್ಸ್ಟಾಲ್‌ನಲ್ಲಿ ಎಫ್‌ಎನ್ ಅನ್ನೋ ಕಾರ್ಖಾನೆ ಇವನ ಪಿಸ್ತೂಲನ್ನ ಆಗಲೇ ಮಾಡ್ತಿತ್ತು. 1902ರ ಮಾರ್ಚ್‌ನಲ್ಲಿ ಒಪ್ಪಂದವಾಯ್ತು, ರಾಯಲ್ಟಿ ಸಮೇತ. ಬ್ರೌನಿಂಗ್ ತಾನೇ 10,000 ಕೋವಿಗಳಿಗೆ ಆರ್ಡರ್ ಕೊಟ್ಟ. ಅಮೆರಿಕದವನ ಕೋವಿ ಬೆಲ್ಜಿಯಂನಲ್ಲಿ ತಯಾರಾಗಿ ಅಮೆರಿಕಕ್ಕೆ ಆಮದಾಯ್ತು. ಆಮೇಲೆ ಆಮದು ಸುಂಕದ ಹೊಡೆತ ತಾಳಲಾರದೆ ಅಮೆರಿಕದಲ್ಲಿ ಮಾಡೋ ಪರವಾನಗಿಯನ್ನ ರೆಮಿಂಗ್ಟನ್‌ಗೇ ಕೊಟ್ಟ. 1905ರಿಂದ ಅವರು ಮಾಡಿದ್ದೇ ಮುಂದೆ ಮಾಡೆಲ್ 11 ಅನ್ನಿಸಿಕೊಂಡಿತು. ಆಟೋ-5 ಅನ್ನೋ ಹೆಸರಿನ ಗುಟ್ಟೂ ಇಲ್ಲೇ ಹೇಳ್ತೀನಿ. ಕೊಳವೆಯಲ್ಲಿ ನಾಲ್ಕು ತೋಟಾ, ನಳಿಕೆಯಲ್ಲಿ ಒಂದು. ಒಟ್ಟು ಐದು.

ಇನ್ನು ವಿಂಚೆಸ್ಟರ್ ಗತಿ? ಅವರೂ ಒಂದು ಸ್ವಯಂಚಾಲಿತ ಷಾಟ್‌ಗನ್ ಮಾಡಲೇಬೇಕಾಯ್ತು. ಅವರ ಎಂಜಿನಿಯರ್ ಟಿ. ಸಿ. ಜಾನ್ಸನ್ ಈ ಕೆಲಸಕ್ಕೆ ಕೂತ. ಬ್ರೌನಿಂಗ್ ಇನ್ನೂ ಅವರ ಜೊತೆಗಿದ್ದಾಗ ಆ ಪೇಟೆಂಟ್ ಅರ್ಜಿಯನ್ನ ಭದ್ರವಾಗಿ ಬರೆಯೋಕೆ ನೆರವಾದವನೂ ಇದೇ ಜಾನ್ಸನ್! ತಾನೇ ಹಾಕಿದ ಬೇಲಿಯನ್ನ ತಾನೇ ಹಾರಬೇಕು. ಬೋಲ್ಟು ಎಳೆಯೋ ಹಿಡಿಕೆ ಕೂಡ ಬ್ರೌನಿಂಗ್ ಪೇಟೆಂಟಿನೊಳಗೇ ಇತ್ತು. ಹಿಡಿಕೆ ಇಲ್ಲದೆ ಕೋವಿ ತೆಗೆಯೋದು ಹೇಗೆ? ಜಾನ್ಸನ್ ನಳಿಕೆ ಮೇಲೆ ಒರಟು ಗೀರು ಹಾಕಿ, ನಳಿಕೆಯನ್ನೇ ಹಿಡಿದು ಹಿಂದಕ್ಕೆ ತಳ್ಳಿ ಅಂದ. 1911ರ ಮಾದರಿ ಅದು. ಒಣ ತೋಟಾ ಇದ್ದಾಗ ಸರಿ. ಕಾಗದದ ತೋಟಾ ಉಬ್ಬಿ ಒಳಗೆ ಕಚ್ಚಿಕೊಂಡಾಗ ಜನ ಏನು ಮಾಡ್ತಾರೆ? ಹಿಡಿಯನ್ನ ನೆಲಕ್ಕೂರಿ, ನಳಿಕೆ ಬಾಯಿ ಮುಖದ ಕಡೆಗಿಟ್ಟುಕೊಂಡು, ಎರಡೂ ಕೈಲಿ ಕೆಳಕ್ಕೆ ಒತ್ತುತ್ತಾರೆ. ಒಳಗೆ ಜೀವಂತ ತೋಟಾ. ಆ ಕೋವಿಗೆ ವಿಧವೆಯರನ್ನ ಮಾಡುವ ಕೋವಿ ಅಂತ ಹೆಸರು ಬಿತ್ತು. ಒಂದು ರಾಯಲ್ಟಿ ಉಳಿಸೋಕೆ ಹೋಗಿ ಆದದ್ದು ಇದು.

ಗ್ಯಾರೇಜಿಗೆ ವಾಪಸ್ ಬರೋಣ.

ಆಟೋ-5 ಬಿಚ್ಚೋದಕ್ಕೆ ಒಂದು ಕ್ರಮ ಇದೆ. ಹಿಡಿಯನ್ನ ತೊಡೆ ಮೇಲೂರಿ ನಳಿಕೆಯನ್ನ ಒಂದಿಂಚು ಹಿಂದಕ್ಕೆ ಒತ್ತಿ ಹಿಡ್ಕೊಂಡೇ ಮುಂದಿನ ಮುಚ್ಚಳ ತಿರುಗಿಸಬೇಕು. ಒತ್ತದೆ ತಿರುಗಿಸಿದ್ರೆ ಒಳಗಿನ ಸ್ಪ್ರಿಂಗ್ ಎಲ್ಲವನ್ನೂ ಮುಂದಕ್ಕೆ ಎಸೆಯುತ್ತೆ. ಮರದ ಹಿಡಿ ಜಾರಿ ಬಂತು, ನಳಿಕೆ ಬಂತು. ಈಗ ಕಾಣಿಸಿದ್ದು ತೋಟಾ ತುಂಬೋ ಉಕ್ಕಿನ ಕೊಳವೆ. ಅದರ ಸುತ್ತ ದಪ್ಪ ಸ್ಪ್ರಿಂಗು. ಸ್ಪ್ರಿಂಗಿನ ಮುಂದೆ ಎರಡು ಉಂಗುರ, ಒಂದು ಉಕ್ಕಿನದು, ಇನ್ನೊಂದು ಸೀಳಿರುವ ಕಂಚಿನದು.

ಬ್ರೌನಿಂಗ್‌ನ ಬುದ್ಧಿಯೆಲ್ಲ ಈ ಎರಡು ಉಂಗುರದಲ್ಲಿದೆ. ಕಂಚಿನದು ಬ್ರೇಕು, ಸೈಕಲ್ ಬ್ರೇಕಿನ ರಬ್ಬರ್ ಥರ. ನಳಿಕೆ ಹಿಂದೆ ಓಡುವಾಗ ಇದು ಕೊಳವೆಯನ್ನ ಹಿಸುಕಿ ಹಿಡಿದು ವೇಗ ಕಡಿಮೆ ಮಾಡುತ್ತೆ. ಭಾರದ ತೋಟಾ ಹಾಕೋದಾದ್ರೆ ಉಕ್ಕಿನ ಉಂಗುರ ಸ್ಪ್ರಿಂಗಿಗೂ ಕಂಚಿಗೂ ಮಧ್ಯೆ ಇರಬೇಕು, ಅದರ ಒಳಸರಿದ ಇಳಿಜಾರು ಅಂಚು ಕಂಚಿನ ಕಡೆಗೆ. ಆಗ ಕಂಚು ಎರಡೂ ಕಡೆಯಿಂದ ಹಿಸುಕಿಸಿಕೊಂಡು ಗಟ್ಟಿ ಬ್ರೇಕ್ ಹಾಕುತ್ತೆ. ಹಗುರ ತೋಟಾಕ್ಕೆ ಉಕ್ಕಿನ ಉಂಗುರವನ್ನ ತೆಗೆದು ಸ್ಪ್ರಿಂಗಿನ ಹಿಂದೆ, ಕೋವಿಯ ಮೈಗೆ ತಾಗುವ ಹಾಗೆ ಸುಮ್ಮನೆ ಕೂರಿಸಬೇಕು. ಅಲ್ಲಿ ಅದಕ್ಕೆ ಕೆಲಸವಿಲ್ಲ. ಕಂಚು ಒಂದೇ ಕಡೆಯಿಂದ ಹಿಸುಕಿಸಿಕೊಳ್ಳುತ್ತೆ, ಅರ್ಧ ಬ್ರೇಕು. ಉಂಗುರ ಕಳೆದುಹೋಗಬಾರದು ಅಂತ ಕೋವಿಯೊಳಗೇ ಅದಕ್ಕೊಂದು ರಜೆಯ ಜಾಗ! ನೂರಿಪ್ಪತ್ತು ವರ್ಷದ ಹಿಂದಿನ ಸೆಟ್ಟಿಂಗ್ಸ್ ಮೆನು ಅನ್ಕೊಳ್ಳಿ, ಎರಡೇ ಆಯ್ಕೆ.

ಅಜ್ಜನ ಕೋವಿಯಲ್ಲಿ ಉಕ್ಕಿನ ಉಂಗುರ ಭಾರದ ಜಾಗದಲ್ಲಿತ್ತು. ಮೊಮ್ಮಗಳಿಗೆ ತಂದದ್ದು ಮಣ್ಣಿನ ಬಿಲ್ಲೆಗೆ ಹೊಡೆಯೋ ಅತಿ ಹಗುರ ತೋಟಾ. ಪೂರ್ತಿ ಬ್ರೇಕ್ ಹಾಕಿಟ್ಟು ಸೈಕಲ್ ತುಳಿದ ಹಾಗೆ. ನಳಿಕೆ ಪೂರ್ತಿ ಹಿಂದೆ ಹೋಗ್ತಿರಲಿಲ್ಲ. ಪೂರ್ತಿ ಹೋಗದಿದ್ರೆ ಕೊಂಡಿ ಬೋಲ್ಟನ್ನ ಹಿಡಿಯಲ್ಲ, ಹಿಡಿಯದಿದ್ರೆ ಖಾಲಿ ತೋಟಾ ಹೊರಬರಲ್ಲ. ಇಷ್ಟೇ ರೋಗ.

ಆದ್ರೆ ಬಿರುಕು? ಅದು ಉಲ್ಟಾ ರೋಗದ ಗುರುತು. ಹಗುರದ ಸೆಟ್ಟಿಂಗ್‌ನಲ್ಲಿ ಭಾರದ ತೋಟಾ ಹೊಡೆದಾಗ, ಅಥವಾ ಮುಂದಿನ ಮುಚ್ಚಳ ಸಡಿಲ ಬಿಟ್ಟಾಗ, ನಳಿಕೆ ಹುಚ್ಚುವೇಗದಲ್ಲಿ ಬಡಿದು ಮರ ಸೀಳುತ್ತೆ. ಹೆಚ್ಚು ದಿನ ಹಾಗೇ ಹೊಡೆದ್ರೆ ಕೋವಿಯ ಉಕ್ಕಿನ ಮೈಯೂ ಬಿರುಕು ಬಿಡಬಹುದು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅವರಿಗೆ ಹದಿನೈದಿದ್ದಾಗ ಅಪ್ಪನಿಗೆ ಹೇಳದೆ ಈ ಕೋವಿ ಬಿಚ್ಚಿ ಒರೆಸಿ ಜೋಡಿಸಿದ್ದರಂತೆ. ಉಂಗುರ ಎಲ್ಲಿತ್ತು ಅಂತ ನೆನಪಿರಲಿಲ್ಲ, ಎಲ್ಲೋ ಒಂದು ಕಡೆ ಹಾಕಿದರು. ಮರುದಿನ ಅಪ್ಪ ಬಾತುಕೋಳಿ ಬೇಟೆಗೆ ಭಾರದ ತೋಟಾ ಹಿಡಿದು ಹೋದರು. ಬಿರುಕು ಬಿಟ್ಟದ್ದನ್ನ ನೋಡಿ ಚಳಿಗೆ ಮರ ಒಣಗಿದೆ ಅಂದರಂತೆ ಅಪ್ಪ. ಉಂಗುರವನ್ನ ಭಾರದ ಜಾಗಕ್ಕೆ ಮತ್ತೆ ಹಾಕಿದವರೂ ಅಪ್ಪನೇ ಇರಬೇಕು. ಮಗನನ್ನ ಒಂದು ಮಾತೂ ಕೇಳಿರಲಿಲ್ಲ. ಅರವತ್ತಮೂರು ವರ್ಷ ಮರದ ತಪ್ಪು ಅಂದುಕೊಂಡಿದ್ದರು ಅಜ್ಜ.

ಅವತ್ತು ಮುಂದೆ ಕೆಲಸ ಮಾಡಲಿಲ್ಲ. ಕಾಫಿ ಕುಡಿದು ಎದ್ದೆ.

ಎರಡನೇ ಸಂಜೆ ಬಿರುಕಿಗೆ ಒಳಗಡೆಯಿಂದ ಎಪಾಕ್ಸಿ ಅಂಟು ತುಂಬಿ ಬಟ್ಟೆ ಸುತ್ತಿ ಬಿಗಿದಿಟ್ಟೆವು. ಕೊಳವೆಗೆ ಯಾರೋ ಧಾರಾಳವಾಗಿ ದಪ್ಪ ಎಣ್ಣೆ ಸುರಿದಿದ್ದರು, ಒಣಗಿ ಬೆಲ್ಲದ ಪಾಕದಂತಾಗಿತ್ತು. ಅದನ್ನ ಒರೆಸಿ ತೆಳು ಎಣ್ಣೆಯ ಬಟ್ಟೆಯಿಂದ ಒಮ್ಮೆ ಸವರಿದ್ದಷ್ಟೆ. ಬ್ರೇಕಿನ ಮೇಲೆ ಎಣ್ಣೆ ಜಾಸ್ತಿಯಾದ್ರೆ ಬ್ರೇಕ್ ಹಿಡಿಯಲ್ಲ, ಭಾರದ ತೋಟಾಕ್ಕೆ ಒಣಗಿರೋದೇ ವಾಸಿ ಅಂತಾರೆ ತಿಳಿದವರು. ಕೊಳವೆಯ ಬಾಯಿ ತೆಗೆದಾಗ ಒಳಗಿಂದ ಒಂದು ಮರದ ಕಡ್ಡಿ ಜಾರಿ ಬಿತ್ತು. ಚಾಕುವಿನಲ್ಲಿ ಕೆತ್ತಿದ್ದು, ತುದಿ ಉರುಟು. ಅಜ್ಜ ಅದನ್ನ ಬೆರಳಲ್ಲಿ ಸವರಿ, ಇದು ನನ್ನಪ್ಪನ ಚಾಕುವಿನ ಗುರುತು ಅಂದರು.

ಆ ಕಡ್ಡಿಯ ಹಿಂದೆ ದೊಡ್ಡ ಚರಿತ್ರೆ ಇದೆ. ಕೋವಿ ಮಾರುಕಟ್ಟೆಗೆ ಬಂದ ಕಾಲವೇ ಅಮೆರಿಕದ ಹಕ್ಕಿಗಳ ಕೆಟ್ಟ ಕಾಲ. ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಅದಕ್ಕೆ ಈ ಕೋವಿಯನ್ನ ದೂರೋ ಹಾಗಿಲ್ಲ, ಇದು ಬರೋ ಹೊತ್ತಿಗೇ ಆ ಪಾರಿವಾಳದ ಕಥೆ ಹೆಚ್ಚುಕಮ್ಮಿ ಮುಗಿದಿತ್ತು. ಆದ್ರೆ ಉಳಿದ ಹಕ್ಕಿಗಳ ಚಿಂತೆ ಇತ್ತಲ್ಲ. ನ್ಯೂಯಾರ್ಕ್ ಪ್ರಾಣಿಸಂಗ್ರಹಾಲಯದ ವಿಲಿಯಂ ಹಾರ್ನಡೇ ಅನ್ನೋರು ಈ ಸ್ವಯಂಚಾಲಿತ ಕೋವಿಗಳ ವಿರುದ್ಧ ದೊಡ್ಡ ಯುದ್ಧವನ್ನೇ ಸಾರಿದರು. ಪೆನ್ಸಿಲ್ವೇನಿಯಾ ರಾಜ್ಯ 1907ರಲ್ಲೇ ಬೇಟೆಗೆ ಇವನ್ನ ನಿಷೇಧಿಸಿತು. 1935ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಬಂತು. ಬಾತುಕೋಳಿಯಂಥ ವಲಸೆ ಹಕ್ಕಿಗಳ ಬೇಟೆಗೆ ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯಬಾರದು. ಐದು ಹಿಡಿಯೋ ಆಟೋ-5 ಮೂರು ಹಿಡಿಯೋ ಹಾಗೆ ಮಾಡೋದು ಹೇಗೆ? ಕೊಳವೆಯೊಳಗೆ ಒಂದು ಕಡ್ಡಿ ತೂರಿಸಿ. ಕಾನೂನು ಪಾಲಿಸಿದ ಆ ಕಡ್ಡಿ ಅಲ್ಲೇ ಕೂತಿತ್ತು. ಹಾರ್ನಡೇ ಸ್ವಲ್ಪ ಅತಿಯಾಗಿ ಮಾತಾಡ್ತಿದ್ದರು ಅಂತ ನನಗೆ ಅನ್ನಿಸಿದ್ರೂ, ಆ ಹಕ್ಕಿಗಳ ವಿಷಯದಲ್ಲಿ ನಾನು ಅವರ ಪಕ್ಷ.

ಇನ್ನೊಂದು ನಿಯಮವೂ ಇದೆ. 1991ರಿಂದ ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷೇಧ. ಕೆರೆ ತಳದಲ್ಲಿ ಬಿದ್ದ ಸೀಸವನ್ನ ಹಕ್ಕಿಗಳು ನುಂಗಿ ವಿಷವೇರಿ ಸಾಯ್ತಿದ್ದವು. ಬದಲಿಗೆ ಬಂದದ್ದು ಉಕ್ಕಿನ ಚರೆ. ಆದ್ರೆ ಬೆಲ್ಜಿಯಂನ ಈ ಹಳೇ ನಳಿಕೆಗಳಿಗೆ ಉಕ್ಕಿನ ಚರೆ ಆಗಲ್ಲ, ಹೊಡೀಬೇಡಿ ಅಂತ ಬ್ರೌನಿಂಗ್ ಕಂಪನಿಯೇ ಹೇಳುತ್ತೆ. ಅಂದ್ರೆ ಬಾತುಕೋಳಿಗೆ ಅಂತಲೇ ಪ್ರಸಿದ್ಧವಾದ ಕೋವಿ, ಈಗ ಮಾಮೂಲಿ ಉಕ್ಕಿನ ತೋಟಾ ಹಾಕಿ ಬಾತುಕೋಳಿ ಬೇಟೆಗೆ ಹೋಗೋ ಹಾಗಿಲ್ಲ.

ಉಂಗುರ ಬದಲಿಸಿ ಜೋಡಿಸಿದ್ವಿ. ಆದ್ರೂ ಸಮಾಧಾನವಾಗಲಿಲ್ಲ. ಕೈಯಲ್ಲಿ ಬೋಲ್ಟು ಎಳೆದು ಗುಂಡಿ ಒತ್ತಿ ಬಿಟ್ಟಾಗ ಫಟ್ ಅಂತ ಮುಚ್ಚಬೇಕು. ಇದು ಮಧ್ಯಾಹ್ನ ಊಟ ಮಾಡಿದವರ ಥರ ನಿಧಾನಕ್ಕೆ ಬಂತು. ಅಜ್ಜ ಕಿವಿಗೊಟ್ಟು ಕೇಳಿ, ಠಕ್ ಸರಿಯಿಲ್ಲ ಅಂದರು. ಠಣ್ ಮುಂದಿನ ಸ್ಪ್ರಿಂಗಿನದು, ಠಕ್ ಹಿಂದಿನದು. ಹಿಂದಿನ ಸ್ಪ್ರಿಂಗು ಹೆಗಲಿಗೆ ಆನಿಸೋ ಮರದೊಳಗಿನ ಒಂದು ಕೊಳವೆಯಲ್ಲಿರುತ್ತೆ. ಕಣ್ಣಿಗೆ ಕಾಣಲ್ಲ, ಅದಕ್ಕೇ ದಶಕಗಟ್ಟಲೆ ಯಾರೂ ಮುಟ್ಟಿರಲ್ಲ.

ಮೂರನೇ ಸಂಜೆ ಆ ಮರ ಬಿಚ್ಚೋ ಕೆಲಸ ನನ್ನ ಕೈಗೆ ಬಂತು. ಆಟೋ-5ರ ಮುಖ್ಯ ಸ್ಕ್ರೂಗಳಿಗೆ ಪಕ್ಕದಲ್ಲೇ ಪುಟಾಣಿ ಕಾವಲು ಸ್ಕ್ರೂ ಇರ್ತವೆ, ದೊಡ್ಡದು ತಾನಾಗಿ ಸಡಿಲವಾಗದಂತೆ. ಮೊದಲು ಕಾವಲು ತೆಗೀಬೇಕು, ಆಮೇಲೆ ಯಜಮಾನ. ಸ್ಕ್ರೂ ತಲೆಯ ಸೀಳು ತುಂಬಾ ಸಣ್ಣ. ಮಾಮೂಲಿ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗಿರುತ್ತೆ, ಜಾರುತ್ತೆ. ತುದಿ ಸಮಾನಾಂತರವಾಗಿ ಉಜ್ಜಿದ ಬೇರೆ ಸ್ಕ್ರೂಡ್ರೈವರ್ ಬೇಕು. ಅಜ್ಜ ಒಳಗಿಂದ ತರ್ತೀನಿ ಅಂತ ಹೋದರು. ನಾನು ಬೆಂಗಳೂರಿನ ಅವಸರದವನು, ಕೈಗೆ ಸಿಕ್ಕಿದ್ದರಲ್ಲಿ ತಿರುಗಿಸಿದೆ. ಜಾರಿತು. ಎಪ್ಪತ್ತು ವರ್ಷದ ನೀಲಿ ಬಣ್ಣದ ಉಕ್ಕಿನ ಮೇಲೆ ಬೆಳ್ಳಗೆ ಒಂದು ಗೀರು. ಅಜ್ಜ ಬಂದು ನೋಡಿದರು. ಒಳ್ಳೇದಾಯ್ತು, ಬಿರುಕು ನನ್ನದು, ಗೀರು ನಿನ್ನದು ಅಂದರು. ಇವತ್ತಿಗೂ ನೆನೆಸಿಕೊಂಡ್ರೆ ಕಿವಿ ಬಿಸಿಯಾಗುತ್ತೆ.

ಮರ ನೇರವಾಗಿ ಹಿಂದಕ್ಕೆ ಎಳೆದು ತೆಗೆದೆವು. ತುಕ್ಕು ಹೆಚ್ಚಿರಲಿಲ್ಲ. 1960ರ ದಶಕದ ಕೊನೆಯ ಕೆಲವು ವರ್ಷಗಳ ಕೋವಿ ಆಗಿದ್ರೆ ಎದೆ ಢವಢವ ಅನ್ನಬೇಕಿತ್ತು. ಆಗ ಆಕ್ರೋಟ್ ಮರವನ್ನ ಬೇಗ ಒಣಗಿಸೋಕೆ ಉಪ್ಪು ಬಳಸಿದ್ದರು. ಆ ಉಪ್ಪು ಮರದೊಳಗೇ ಕೂತು ತಾಗಿದ ಉಕ್ಕನ್ನೆಲ್ಲ ತಿಂದುಹಾಕಿತು. ನಮ್ಮದು ಅದಕ್ಕಿಂತ ಹಳೆಯದು. ಕೊಳವೆಯ ತುದಿಯ ಪಿನ್ನು ತೆಗೆದಾಗ ಸ್ಪ್ರಿಂಗಿನ ಜೊತೆ ಕಂದು ಬಣ್ಣದ ಅಂಟು ಬಂತು, ಅರವತ್ತು ವರ್ಷದ ಎಣ್ಣೆ. ಕೋವಿಯನ್ನ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟರೆ ಹಾಕಿದ ಎಣ್ಣೆಯೆಲ್ಲ ಕೆಳಗಿಳಿದು ಅಲ್ಲಿ ಸೇರುತ್ತೆ. ದ್ರಾವಕದಲ್ಲಿ ನೆನೆಸಿ, ಬ್ರಷ್ ಹಾಕಿ, ಒಣಗಿಸಿ, ಒಂದೇ ಒಂದು ಹನಿ ಎಣ್ಣೆ. ಕೋವಿಯ ಬೆನ್ನೊಳಗೆ ಬೋಲ್ಟು ಬಡಿಯುವ ಜಾಗದಲ್ಲಿ ನಾರಿನ ಒಂದು ಮೆತ್ತೆ ಇರುತ್ತೆ. ಅದು ಕಲ್ಲಾಗಿತ್ತು, ಹೊಸದು ಹಾಕಿದೆವು. ಅದಿಲ್ಲದಿದ್ರೆ ಉಕ್ಕಿಗೆ ಉಕ್ಕು ಬಡಿಯುತ್ತೆ.

ಕೆಲಸ ಮಾಡ್ತಾ ಅಜ್ಜ ಉಳಿದ ಕಥೆ ಹೇಳಿದರು. ಬ್ರೌನಿಂಗ್ ಸತ್ತಿದ್ದು 1926ರ ನವೆಂಬರ್ 26ರಂದು, ಅದೇ ಹರ್ಸ್ಟಾಲ್ ಕಾರ್ಖಾನೆಯಲ್ಲಿ, ಮಗ ವಾಲ್‌ನ ಕಚೇರಿಯಲ್ಲಿ. ಹೊಸ ಜೋಡಿನಳಿಕೆ ಕೋವಿಯ ಕೆಲಸ ಅರ್ಧಕ್ಕೆ ನಿಂತಿತ್ತು, ಅದನ್ನ ಮುಗಿಸಿದ್ದು ಮಗ. 1940ರಲ್ಲಿ ಜರ್ಮನರು ಬೆಲ್ಜಿಯಂ ಆಕ್ರಮಿಸಿ ಕಾರ್ಖಾನೆ ಹಿಡಿದರು. ಆಗ ಬ್ರೌನಿಂಗ್ ಕಂಪನಿಗೆ ಆಟೋ-5 ಮಾಡಿಕೊಟ್ಟದ್ದು ರೆಮಿಂಗ್ಟನ್. ಯುದ್ಧ ಮುಗಿದು ಹರ್ಸ್ಟಾಲ್ ಮತ್ತೆ ಶುರುವಾಯ್ತು, ಅಜ್ಜನ ಅಪ್ಪ ಕೊಂಡದ್ದು ಆ ಕಾಲದ್ದು. 1950ರ ದಶಕದಲ್ಲೇ ಮಲಯಾ ಕಾಡಿನಲ್ಲಿ ಬ್ರಿಟಿಷ್ ಸೈನಿಕರೂ ಇದನ್ನ ಹಿಡಿದು ಹೊಂಚುದಾಳಿ ಮಾಡ್ತಿದ್ದರು. ಒಂದೇ ಕೋವಿ, ಇಲ್ಲಿ ಬಾತುಕೋಳಿ, ಅಲ್ಲಿ ಮನುಷ್ಯ. ಇದನ್ನ ಬರೀ ಎಂಜಿನಿಯರಿಂಗ್ ಅಂತ ಮೆಚ್ಚಿಕೊಂಡು ಕೂರೋಕೆ ನನಗೆ ಆಗದಿರೋದು ಇದಕ್ಕೇ. 1970ರ ದಶಕದ ಮಧ್ಯದಲ್ಲಿ ತಯಾರಿಕೆ ಜಪಾನಿನ ಮಿರೋಕು ಕಂಪನಿಗೆ ಹೋಯ್ತು, 1998ರ ಹೊತ್ತಿಗೆ ನಿಂತೇ ಹೋಯ್ತು. ಈಗ ಅಂಗಡಿಯಲ್ಲಿ ಸಿಗೋ ಎ5 2012ರಲ್ಲಿ ಬಂದದ್ದು. ಗೂನು ಮಾತ್ರ ಹಳೆಯದು, ಒಳಗಿನ ಯಂತ್ರವೇ ಬೇರೆ, ಅದರ ನಳಿಕೆ ಓಡಲ್ಲ.

ಶನಿವಾರ ಮೊಮ್ಮಗಳು ಬಂದಳು. ಊರಾಚೆಯ ಷೂಟಿಂಗ್ ರೇಂಜಿಗೆ ಹೋದೆವು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಮೊದಲು ಒಂದೇ ತೋಟಾ, ಆಮೇಲೆ ಎರಡು. ರಿಪೇರಿ ಮಾಡಿದ ಕೋವಿಗೆ ಒಮ್ಮೆಲೇ ತುಂಬಬಾರದು ಅಂತ ಅಜ್ಜನ ನಿಯಮ. ಒಂದನೇ ಈಡು, ಖಾಲಿ ತೋಟಾ ಬಲಕ್ಕೆ ಚಿಮ್ಮಿ ಬಿತ್ತು. ಎರಡನೆಯದೂ ಹೋಯ್ತು, ಬಿಲ್ಲೆ ಕಿತ್ತಳೆ ಪುಡಿಯಾಯ್ತು. ಮೂರು ತುಂಬಿದಾಗ ಮೂರನೆಯದು ಸಿಕ್ಕಿಕೊಂಡಿತು. ಅವಳು ನಳಿಕೆಯನ್ನ ಗುರಿಕಡೆಗೇ ಹಿಡಿದು ಅಲುಗದೆ ನಿಂತಳು. ಅಜ್ಜ ನಿಧಾನಕ್ಕೆ ಹೋಗಿ ಬೋಲ್ಟು ಎಳೆದು ತೋಟಾ ತೆಗೆದು ನೋಡಿದರು. ಅಂಚು ಸೊಟ್ಟಗಿದ್ದ ತೋಟಾ. ಕೋವಿಯ ತಪ್ಪಲ್ಲ. ಆಮೇಲೆ ಒಂದು ಪೂರ್ತಿ ಪೆಟ್ಟಿಗೆ, ಇಪ್ಪತ್ತೈದು ತೋಟಾ, ಎಲ್ಲೂ ನಿಲ್ಲಲಿಲ್ಲ.

ಅಜ್ಜ ಅವಳ ಹಿಂದೆ ಮಡಚೋ ಕುರ್ಚಿ ಹಾಕಿಕೊಂಡು ಕಣ್ಣುಮುಚ್ಚಿ ಕೂತಿದ್ದರು. ನಿದ್ದೆ ಬಂತೇನೋ ಅಂದ್ಕೊಂಡೆ. ಹತ್ತಿರ ಹೋದರೆ ಒಂದು ಕಿವಿಯ ಮುಚ್ಚಳ ಸ್ವಲ್ಪ ಎತ್ತಿ ಹಿಡಿದಿದ್ದರು. ಹಾಗೆ ಮಾಡಬಾರದು, ಕಿವಿ ಹೋಗುತ್ತೆ ಅಂದೆ. ಎಪ್ಪತ್ತೆಂಟಕ್ಕೆ ಇನ್ನೇನು ಹೋಗುತ್ತೆ, ಸುಮ್ಮನಿರು, ಎರಡನೆಯದು ಈಗ ಬರುತ್ತೆ ನೋಡು ಅಂದರು.

[ಲೋಹದ ಶಬ್ದ: ಠಣ್, ಠಕ್]